ಹೊಸ ಲ್ಯಾಪ್‌ಟಾಪ್‌ನಲ್ಲಿ ಬಂದ ವಿಂಡೋಸ್ ಪೂರ್ತಿ ಅಳಿಸಿ ಮತ್ತೆ ಹಾಕಬೇಕಾ?

ಜಯನಗರ ಅಣ್ಣ

ನಮಸ್ಕಾರ. ತಂಗಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದೇನೆ. ಅವಳು ಮಲ್ಲೇಶ್ವರದಲ್ಲಿ ಒಬ್ಬ ಆಡಿಟರ್ ಹತ್ತಿರ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುತ್ತಿದ್ದಾಳೆ. ಕೆಲಸ ಅಂದರೆ ಎಕ್ಸೆಲ್, ಟ್ಯಾಲಿ, ಜಿಎಸ್‌ಟಿ ಪೋರ್ಟಲ್, ಆಗಾಗ ಕನ್ನಡದಲ್ಲಿ ಒಂದೆರಡು ಪತ್ರ. ಇಂಟೆಲ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹೋಮ್. ಆಫೀಸ್ ಹೋಮ್ 2024 ಕೂಡ ಸೇರಿದೆ ಅಂತ ಡಬ್ಬದ ಮೇಲೆ ಬರೆದಿದೆ.

ಆನ್ ಮಾಡಿದ್ದೇ ತಡ, ಕಾಟ ಶುರು. ಆಂಟಿವೈರಸ್ ಒಂದು ಮೂಲೆಯಲ್ಲಿ ಎದ್ದು ಬಂದು ಟ್ರಯಲ್ ಮುಗಿಯುವ ಮೊದಲು ದುಡ್ಡು ಕಟ್ಟಿ ಅನ್ನುತ್ತದೆ, ಅದನ್ನು ಮುಚ್ಚಿದರೆ ಕಂಪನಿಯದೇ ಒಂದು ಆಪ್ ಬಂದು ಹೆಸರು, ಫೋನ್ ನಂಬರ್ ಕೇಳುತ್ತದೆ, ಅದೂ ಆದ ಮೇಲೆ ವಿಪಿಎನ್ ಜಾಹೀರಾತು, ಯಾವುದೋ ಇಸ್ಪೀಟು ಆಟ, ನಾವು ಕೇಳದ ಇನ್ನೊಂದು ಬ್ರೌಸರ್. ದುಡ್ಡು ಕೊಟ್ಟು ತಂದ ವಸ್ತುವಿನಲ್ಲಿ ಜಾಹೀರಾತನ್ನೂ ನಾವೇ ನೋಡಬೇಕಾ? ಸಾಲದ್ದಕ್ಕೆ 512 ಜಿಬಿ ಡಿಸ್ಕು 476 ಅಂತ ತೋರಿಸುತ್ತಿದೆ. ಉಳಿದಿದ್ದನ್ನೆಲ್ಲ ಈ ಕಸವೇ ತಿಂದಿದೆಯಾ?

ಆಫೀಸಿನ ಗೆಳೆಯ "ಎಲ್ಲ ಅಳಿಸಿ ಫ್ರೆಶ್ ಆಗಿ ವಿಂಡೋಸ್ ಹಾಕು" ಅನ್ನುತ್ತಾನೆ. ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಕೇಳಿದೆ. "ತನ್ನಿ ಸಾರ್, ಅರ್ಧ ಗಂಟೆ ಕೆಲಸ, ವಿಂಡೋಸ್ ಪ್ರೋ ಹಾಕಿ ಕೊಡೋಣ, ಆಫೀಸೂ ಅದರಲ್ಲೇ ಬರುತ್ತೆ" ಅಂದರು. ಪ್ರೋ ಬಿಟ್ಟಿಯಾಗಿ ಎಲ್ಲಿಂದ ಬರುತ್ತದೆ ಅಂತ ಅನುಮಾನ ಬಂದು ಸುಮ್ನೆ ವಾಪಸ್ ಬಂದೆ.

ಅಳಿಸಿದರೆ ಲೈಸೆನ್ಸ್ ಹೋಗುತ್ತದಾ? ಆಫೀಸ್ ಗತಿ ಏನು? ವಾರಂಟಿ? ಇದನ್ನೆಲ್ಲ ಮನೆಯಲ್ಲೇ ಮಾಡಬಹುದಾ ಅಥವಾ ಬೇಡದ್ದನ್ನು ಒಂದೊಂದಾಗಿ ತೆಗೆದರೆ ಸಾಕಾ?

ಬೂಟ್ ಬಸವ

ಅಂಗಡಿಗೆ ಕೊಡದೆ ಬಂದಿದ್ದು ಒಳ್ಳೆಯದೇ ಆಯಿತು. ಬಿಟ್ಟಿ ಪ್ರೋ ಅಂದರೆ ಹೆಚ್ಚಿನ ಸಲ ಕೆಎಂಎಸ್ ಆಕ್ಟಿವೇಟರ್ ಅಂತ, ಲೈಸೆನ್ಸ್ ಇಲ್ಲದಿದ್ದರೂ ಇದೆ ಅಂತ ವಿಂಡೋಸನ್ನು ನಂಬಿಸುವ ಒಂದು ಕಳ್ಳ ಪ್ರೋಗ್ರಾಂ. ಆಂಟಿವೈರಸ್ ಆಫ್ ಮಾಡಿ ಅದನ್ನು ಓಡಿಸುತ್ತಾರೆ. ಕ್ಲೈಂಟ್‌ಗಳ ಲೆಕ್ಕಪತ್ರ ಇಡುವ ಲ್ಯಾಪ್‌ಟಾಪಿಗೆ ಅದು ಬೇಡವೇ ಬೇಡ. ಅದೂ ಅಲ್ಲದೆ ನಿಮ್ಮ ಹತ್ತಿರ ದುಡ್ಡು ಕೊಟ್ಟ ಅಸಲಿ ಹೋಮ್ ಲೈಸೆನ್ಸ್ ಇದೆ.

ಆ ಲೈಸೆನ್ಸ್ ಎಲ್ಲೂ ಹೋಗುವುದಿಲ್ಲ. ವಿಂಡೋಸ್ 8 ಕಾಲದಿಂದ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್ (ಚಿಪ್ಪಿನಲ್ಲೇ ಇರುವ ಸಾಫ್ಟ್‌ವೇರ್) ಒಳಗೇ ಬರೆದು ಕಳಿಸುತ್ತವೆ. ಹಿಂದಿನ ಹಾಗೆ ಅಡಿಯಲ್ಲಿ ಸ್ಟಿಕ್ಕರ್ ಇರುವುದಿಲ್ಲ. ಇನ್‌ಸ್ಟಾಲರ್ ಆ ಕೀಯನ್ನು ತಾನೇ ಓದುತ್ತದೆ, ಹೋಮ್ ಅಂತ ಗೊತ್ತು ಮಾಡಿಕೊಂಡು ಹೋಮನ್ನೇ ಹಾಕುತ್ತದೆ, ಇಂಟರ್ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತದೆ. 476ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಷ್ಟೇ ವ್ಯತ್ಯಾಸ, ಏನೂ ಕಳುವಾಗಿಲ್ಲ.

ಆದರೆ ಅಳಿಸುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರೂ ಪೆನ್‌ಡ್ರೈವ್ ಕಥೆಗೇ ನೆಗೆಯುತ್ತಾರೆ.

ಮೊದಲನೆಯದು ಆಫೀಸ್. ಅದರ ಕೀ ಡಬ್ಬದಲ್ಲಿ ಕಾರ್ಡಿನ ಮೇಲೆ ಬರುವುದಿಲ್ಲ, ಈ ಮಷೀನಿಗೇ ಕಟ್ಟಿರುತ್ತಾರೆ. ಈಗ ಇರುವ ವಿಂಡೋಸ್‌ನಲ್ಲೇ ವರ್ಡ್ ತೆರೆದು, ತಂಗಿಯ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಮಾಡಿ, ಆಕ್ಟಿವೇಟ್ ಆಗುವವರೆಗೆ ಕೂತು ನೋಡಿ. ಆಮೇಲೆ ಫೋನಿನಿಂದ ಅದೇ ಖಾತೆಗೆ ಹೋಗಿ ಆಫೀಸ್ ಹೋಮ್ 2024 ಅಲ್ಲಿ ಕಾಣುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಕಾಣಿಸಿದರೆ ಮುಂದೆ ಎಷ್ಟು ಸಲ ಅಳಿಸಿದರೂ ಅಲ್ಲಿಂದಲೇ ಇಳಿಸಿಕೊಳ್ಳಬಹುದು. ನಿಮ್ಮ ಖಾತೆ ಬೇಡ, ಅವಳದ್ದೇ ಇರಲಿ. ನಾಳೆ ಅವಳು ಬೇರೆ ಊರಿಗೆ ಹೋದಾಗ ಪಾಸ್‌ವರ್ಡಿಗೆ ನಿಮಗೆ ಫೋನ್ ಮಾಡುವ ಹಾಗಾಗಬಾರದು, ಅಲ್ವಾ?

ಎರಡನೆಯದು ಡ್ರೈವರ್‌ಗಳು, ಅಂದರೆ ಲ್ಯಾಪ್‌ಟಾಪಿನ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ಪುಟ್ಟ ಸಾಫ್ಟ್‌ವೇರ್‌ಗಳು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪಿಎನ್‌ಪಿ-ಯುಟಿಲ್ ಎಂಬ ಕಮಾಂಡಿನ ಎಕ್ಸ್‌ಪೋರ್ಟ್-ಡ್ರೈವರ್ ಆಯ್ಕೆ ಬಳಸಿ. ಇದು ವಿಂಡೋಸ್‌ನಲ್ಲೇ ಇದೆ, ಬೇರೆ ಏನೂ ಇಳಿಸಬೇಕಿಲ್ಲ. ಕಂಪನಿ ಹಾಕಿರುವ ಎಲ್ಲ ಡ್ರೈವರ್‌ಗಳೂ ಒಂದು ಫೋಲ್ಡರಿಗೆ ಬಂದು ಬೀಳುತ್ತವೆ: ವೈಫೈ, ಆಡಿಯೋ, ಟಚ್‌ಪ್ಯಾಡ್, ಡಿಸ್ಕಿನದ್ದೂ ಸೇರಿ. ಕಸ ಬರುವುದಿಲ್ಲ, ಡ್ರೈವರ್ ಮಾತ್ರ.

ಇನ್ನು ಪೆನ್‌ಡ್ರೈವ್. ಕನಿಷ್ಠ 8 ಜಿಬಿಯದ್ದು ಬೇಕು. ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ ಓಡಿಸಿದರೆ ಅದೇ ಎಲ್ಲ ಮಾಡಿಕೊಡುತ್ತದೆ. ಪೆನ್‌ಡ್ರೈವಿನಲ್ಲಿ ಇರುವುದನ್ನೆಲ್ಲ ಅದು ಅಳಿಸುತ್ತದೆ, ಆದ್ದರಿಂದ ಡ್ರೈವರ್ ಫೋಲ್ಡರನ್ನು ಟೂಲ್ ಕೆಲಸ ಮುಗಿದ ಮೇಲೆ ಕಾಪಿ ಮಾಡಿ, ಮೊದಲೇ ಅಲ್ಲ. ಆಮೇಲೆ ರೀಸ್ಟಾರ್ಟ್ ಮಾಡಿ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್.

ಪಾರ್ಟಿಶನ್ (ಡಿಸ್ಕಿನ ಭಾಗಗಳು) ತೋರಿಸುವ ಪರದೆ ಬಂದಾಗ ಗಾಬರಿಯಾಗುತ್ತದೆ. 100 ಅಥವಾ 260 ಎಂಬಿಯ ಸಿಸ್ಟಮ್, 16 ಎಂಬಿಯ ರಿಸರ್ವ್ಡ್, ದೊಡ್ಡದೊಂದು ಪ್ರೈಮರಿ, ಕೊನೆಯಲ್ಲಿ ಒಂದೋ ಎರಡೋ ರಿಕವರಿ. ಡಿಸ್ಕ್ 0ಯಲ್ಲಿ ಇರುವ ಎಲ್ಲವನ್ನೂ ಡಿಲೀಟ್ ಮಾಡಿ, ಅನ್‌ಅಲೊಕೇಟೆಡ್ ಅಂತ ಒಂದೇ ಸಾಲು ಉಳಿದಾಗ ಅದನ್ನು ಆರಿಸಿ ನೆಕ್ಸ್ಟ್ ಒತ್ತಿ. ಬೇಕಾದ ಪಾರ್ಟಿಶನ್ ಅದೇ ಮಾಡಿಕೊಳ್ಳುತ್ತದೆ. ಪೆನ್‌ಡ್ರೈವೂ ಅದೇ ಪಟ್ಟಿಯಲ್ಲಿ ಇನ್ನೊಂದು ಡಿಸ್ಕಾಗಿ ಕಾಣಬಹುದು. ಸೈಜ್ ನೋಡಿ ಒತ್ತಿ.

ವೈಟ್‌ಫೀಲ್ಡ್ ಹೆಲ್ಪ್‌ಡೆಸ್ಕ್

ಬಸವ ಅವರು ಹೇಳಿದ್ದೆಲ್ಲ ಸರಿ, ಆದರೆ ಅಷ್ಟೆಲ್ಲ ಯಾಕೆ ಅಂತ ನನ್ನ ಪ್ರಶ್ನೆ. ನನ್ನ ಕೆಲಸವೇ ಇದು, ದಿನಾ ಲ್ಯಾಪ್‌ಟಾಪ್ ಸೆಟಪ್ ಮಾಡುತ್ತೇನೆ. ಒಂದು ಮನೆಯ ಲ್ಯಾಪ್‌ಟಾಪಿಗೆ ಸೆಟ್ಟಿಂಗ್ಸ್‌ಗೆ ಹೋಗಿ ಆಂಟಿವೈರಸ್ ಟ್ರಯಲ್, ವಿಪಿಎನ್, ಆಟ, ಬ್ರೌಸರ್ ಇವಿಷ್ಟನ್ನು ಅನ್‌ಇನ್‌ಸ್ಟಾಲ್ ಮಾಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಪಟ್ಟಿ ಸ್ವಚ್ಛ ಮಾಡಿದರೆ ಕಾಟದಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ಆಂಟಿವೈರಸ್ ತೆಗೆದ ಕೂಡಲೇ ಮೈಕ್ರೋಸಾಫ್ಟ್ ಡಿಫೆಂಡರ್ ತಾನಾಗಿಯೇ ಆನ್ ಆಗುತ್ತದೆ. ಅನ್‌ಇನ್‌ಸ್ಟಾಲ್ ಆಗಿಯೂ ಬಾಲ ಉಳಿದರೆ ಅದೇ ಆಂಟಿವೈರಸ್ ಕಂಪನಿಯ ರಿಮೂವಲ್ ಟೂಲ್ ಹುಡುಕಿ ಓಡಿಸಿ, ಮ್ಯಾಕಫಿಯಂಥವರು ಅದನ್ನು ಬಿಟ್ಟಿ ಕೊಡುತ್ತಾರೆ.

ಪೂರ್ತಿ ಅಳಿಸಿದರೆ ಕಳೆದುಕೊಳ್ಳುವುದೂ ಇದೆ. ಕಂಪನಿಯವರು ಸ್ಪೀಕರಿಗೆ ಹೊಂದಿಸಿದ ಡಾಲ್ಬಿ ಸೆಟ್ಟಿಂಗು ಹೋಗಬಹುದು. ಒಎಲ್‌ಇಡಿ ಪರದೆಯಾದರೆ ಬಣ್ಣದ ಪ್ರೊಫೈಲ್ ಹೋಗಬಹುದು. ಫಂಕ್ಷನ್ ಕೀಗಳಲ್ಲಿ ಒಂದೆರಡು ಮಾತು ಕೇಳದೆ ಇರಬಹುದು. ಬ್ಯಾಟರಿ 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಕೂಡ ಹೆಚ್ಚಾಗಿ ಕಂಪನಿಯ ಆಪ್ ಒಳಗೇ ಇರುತ್ತದೆ. ಇಡೀ ದಿನ ಚಾರ್ಜರಿಗೆ ಸಿಕ್ಕಿಸಿಕೊಂಡೇ ಕೂರುವ ಆಡಿಟರ್ ಆಫೀಸಿನಲ್ಲಿ ಅದು ಬೇಕಾಗುತ್ತದೆ.

ನಡುವಿನ ದಾರಿಯೂ ಒಂದಿದೆ. ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ದಿಸ್ ಪಿಸಿ. ಎಲ್ಲ ತೆಗೆಯಿರಿ ಅಂತ ಆರಿಸಿ ಕ್ಲೌಡ್ ಡೌನ್‌ಲೋಡ್ ಕೊಡಿ, 4 ಜಿಬಿಗಿಂತ ಜಾಸ್ತಿ ಡೇಟಾ ಹೋಗುತ್ತದೆ. ಚೇಂಜ್ ಸೆಟ್ಟಿಂಗ್ಸ್ ಒಳಗೆ "ಪ್ರೀಇನ್‌ಸ್ಟಾಲ್ಡ್ ಆಪ್‌ಗಳನ್ನು ಮತ್ತೆ ಹಾಕಬೇಕಾ" ಎಂಬ ಆಯ್ಕೆ ಕಂಡರೆ ಅದನ್ನು ನೋ ಮಾಡಿ. ಡ್ರೈವರ್ ಉಳಿಯುತ್ತವೆ, ಪೆನ್‌ಡ್ರೈವ್ ಬೇಡ.

ವಾರಂಟಿಗೆ ಭಯ ಬೇಡ. ಅದು ಹಾರ್ಡ್‌ವೇರಿನದ್ದು. ಸರ್ವಿಸ್ ಸೆಂಟರಿನವರು ಹಳೇ ಸಾಫ್ಟ್‌ವೇರೇ ಬೇಕು ಅಂದರೂ ಡೆಲ್, ಎಚ್‌ಪಿ, ಲೆನೊವೊ ಮೂವರೂ ಸೀರಿಯಲ್ ನಂಬರ್ ಅಥವಾ ಪ್ರಾಡಕ್ಟ್ ನಂಬರ್ ಕೊಟ್ಟರೆ ಫ್ಯಾಕ್ಟರಿ ಇಮೇಜ್ (ಕೊಂಡಾಗ ಇದ್ದ ವಿಂಡೋಸ್‌ನ ಪೂರ್ತಿ ಪ್ರತಿ) ಇಳಿಸಿಕೊಳ್ಳುವ ಟೂಲ್ ಇಟ್ಟಿದ್ದಾರೆ.

ಬೂಟ್ ಬಸವ

ಹೆಲ್ಪ್‌ಡೆಸ್ಕ್ ಅವರೇ, ನಿಮ್ಮ ಆಫೀಸಿನಲ್ಲಿ ಕೂಡ ಡಬ್ಬದಿಂದ ತೆಗೆದ ಹಾಗೇ ಯಾರಿಗೂ ಕೊಡುವುದಿಲ್ಲ ತಾನೇ? ಕಂಪನಿಯ ಇಮೇಜ್ ಹಾಕಿಯೇ ಕೊಡುತ್ತೀರಿ.

ಅನ್‌ಇನ್‌ಸ್ಟಾಲ್ ಮಾಡಿದರೆ ಕಣ್ಣಿಗೆ ಕಾಣುವುದು ಹೋಗುತ್ತದೆ, ಒಪ್ಪುತ್ತೇನೆ. ಕಾಣದ್ದರ ಕಥೆ? 2015ರ ಸೂಪರ್‌ಫಿಶ್ ನೆನಪಿದೆಯಾ? ಲೆನೊವೊ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜಾಹೀರಾತು ತೋರಿಸುವ ಒಂದು ಪ್ರೋಗ್ರಾಂ ಹಾಕಿ ಮಾರಿತ್ತು. ಅದು ಸುರಕ್ಷಿತವಾದ ಎಚ್‌ಟಿಟಿಪಿಎಸ್ ಪುಟಗಳ ಒಳಗೂ ಜಾಹೀರಾತು ತೂರಿಸಲು ತನ್ನದೇ ರೂಟ್ ಸರ್ಟಿಫಿಕೇಟ್ (ಸೈಟ್ ಅಸಲಿಯೋ ಅಂತ ಬ್ರೌಸರ್ ನಂಬಲು ನೋಡುವ ಮೂಲ ದಾಖಲೆ) ಹಾಕಿಕೊಂಡಿತ್ತು, ಎಲ್ಲ ಮಷೀನಿನಲ್ಲೂ ಒಂದೇ ಗುಟ್ಟಿನ ಕೀ. ಆ ಕೀ ತೆಗೆದವರು ಬ್ಯಾಂಕಿನ ನಕಲಿ ಸೈಟ್ ಮಾಡಿದರೂ ಬ್ರೌಸರ್ ನಂಬಿಬಿಡುತ್ತಿತ್ತು. ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಉಳಿದೇ ಇರುತ್ತಿತ್ತು. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಜೊತೆ 2017ರಲ್ಲಿ ಆ ಕೇಸು ಇತ್ಯರ್ಥವಾಯಿತು. ಈಗ ಅಂಥದ್ದು ಇದೆ ಅಂತ ಹೇಳುತ್ತಿಲ್ಲ. ಆದರೆ ಜಿಎಸ್‌ಟಿ, ಬ್ಯಾಂಕು, ಡಿಜಿಟಲ್ ಸಿಗ್ನೇಚರ್ ಟೋಕನ್ ಎಲ್ಲ ಓಡುವ ಮಷೀನಿಗೆ ನಾನಾದರೆ ಅಳಿಸಿಯೇ ಶುರು ಮಾಡುತ್ತೇನೆ.

ಅಳಿಸಿದರೂ ಎಲ್ಲ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ, ಇದನ್ನೂ ಹೇಳಿಬಿಡುತ್ತೇನೆ. ಡಬ್ಲ್ಯುಪಿಬಿಟಿ ಅಂತ ಒಂದು ಬಾಗಿಲು ಇದೆ. ಫರ್ಮ್‌ವೇರ್ ಒಳಗೆ ಕಂಪನಿ ಇಟ್ಟ ಒಂದು ಪ್ರೋಗ್ರಾಮನ್ನು ವಿಂಡೋಸ್ ಬೂಟ್ ಆಗುವಾಗ ತಾನೇ ಎತ್ತಿಕೊಂಡು ಓಡಿಸುತ್ತದೆ. ಹಾಗಾಗಿ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲೂ ಕಂಪನಿಯ ಆಪ್ ಮತ್ತೆ ಮೊಳೆಯಬಹುದು. ಹಾಗೆ ಕಂಡರೆ ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಫರ್ಮ್‌ವೇರ್ ಸೆಟ್ಟಿಂಗ್ಸ್) ಒಳಗೆ ಅದನ್ನು ಆಫ್ ಮಾಡುವ ಆಯ್ಕೆ ಇದೆಯಾ ನೋಡಿ, ಕೆಲವು ಆಸುಸ್ ಮದರ್‌ಬೋರ್ಡ್‌ಗಳಲ್ಲಿ ಆರ್ಮರಿ ಕ್ರೇಟ್ ಎಂಬ ಕಂಪನಿಯದೇ ಆಪ್‌ಗೆ ಅಂಥ ಸ್ವಿಚ್ ಇದೆ. ಆಪ್ ಹೀಗೆ ವಾಪಸ್ ಬರುವ ಇನ್ನೊಂದು ದಾರಿ ವಿಂಡೋಸ್ ಅಪ್‌ಡೇಟ್. ಅದನ್ನು ತಡೆಯಲು ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್ ಅಂತ ಹುಡುಕಿ, ತಯಾರಕರ ಆಪ್‌ಗಳನ್ನು ತಾನಾಗಿ ಇಳಿಸಬೇಕಾ ಅಂತ ಕೇಳುವಲ್ಲಿ ನೋ ಕೊಡಿ.

ಬ್ಯಾಟರಿ ಲಿಮಿಟ್ ಮಾತು ನಿಜ. ಅದಕ್ಕೆ ಲೆನೊವೊ ವ್ಯಾಂಟೇಜ್, ಮೈಆಸುಸ್ ಇವೆಲ್ಲ ಮೈಕ್ರೋಸಾಫ್ಟ್ ಸ್ಟೋರಿನಲ್ಲೇ ಸಿಗುತ್ತವೆ. ಬೇಕಾದ ಒಂದನ್ನು ಮಾತ್ರ ಹಾಕಿಕೊಂಡರಾಯಿತು.

ಮಿಂಟ್ ಮಂಜ

ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಕಾಟವೇ ಇಲ್ಲ.

ಜಯನಗರ ಅಣ್ಣ

ಮಂಜಣ್ಣ, ಟ್ಯಾಲಿ ಬೇಕಲ್ಲ!

ಮಿಂಟ್ ಮಂಜ

ಹೌದು, ಅದೊಂದು ತೊಡಕು. ನಮ್ಮ ಬೆಂಗಳೂರಿನದೇ ಕಂಪನಿ, ಆದರೂ ಟ್ಯಾಲಿಪ್ರೈಮ್‌ಗೆ ವಿಂಡೋಸೇ ಬೇಕು. ಬರೀ ಬ್ರೌಸರ್ ಕೆಲಸ ಆಗಿದ್ದರೆ ನನ್ನ ಮಾತು ಬಿಡುತ್ತಿರಲಿಲ್ಲ. ಅಂದ ಹಾಗೆ ಟ್ಯಾಲಿ ಇನ್ನೂ ಹಾಕಿಲ್ಲ ತಾನೇ? ಹಾಕಿದ್ದರೆ ಟ್ಯಾಲಿಯೊಳಗೇ ಲೈಸೆನ್ಸ್ ಸರೆಂಡರ್ ಮಾಡಿ (ವಾಪಸ್ ಕೊಟ್ಟು) ಆಮೇಲೆ ಅಳಿಸಿ. ಇಲ್ಲದಿದ್ದರೆ ಹೊಸ ವಿಂಡೋಸ್‌ನಲ್ಲಿ ಆಕ್ಟಿವೇಟ್ ಮಾಡಲು ಪರದಾಡಬೇಕು. ಅಳಿಸುವುದಿದ್ದರೆ ಏನೂ ಹಾಕದೆ ಖಾಲಿ ಇರುವ ಈಗಲೇ ಒಳ್ಳೆಯ ಹೊತ್ತು.

ಜಯನಗರ ಅಣ್ಣ

ಟ್ಯಾಲಿ ಹಾಕಿಲ್ಲ. ತಂಗಿ "ಅಳಿಸು, ನೋಡೇ ಬಿಡೋಣ" ಅಂದಳು. ಆಫೀಸ್ ಅವಳ ಖಾತೆಯಲ್ಲಿ ಕಾಣುತ್ತಿದೆ, ಡ್ರೈವರ್ ಫೋಲ್ಡರ್ ಪೆನ್‌ಡ್ರೈವಿಗೆ ಹಾಕಿದ್ದೇನೆ. ಈಗ ಇನ್‌ಸ್ಟಾಲರ್ ಒಳಗೆ ಕೂತಿದ್ದೇನೆ, ಫೋನಿನಿಂದ ಬರೆಯುತ್ತಿದ್ದೇನೆ. ಪಾರ್ಟಿಶನ್ ಪರದೆಯಲ್ಲಿ ಏನೂ ಇಲ್ಲ! ಡಿಸ್ಕೇ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಲೋಡ್ ಮಾಡಿ ಅನ್ನುತ್ತಿದೆ. ಡಿಸ್ಕ್ ಕೆಟ್ಟಿತಾ? ಹೊಸದು ಸ್ವಾಮಿ!

ಬೂಟ್ ಬಸವ

ಕೆಟ್ಟಿಲ್ಲ, ಆರಾಮಾಗಿರಿ. ಇಂಟೆಲ್ 11ನೇ ಪೀಳಿಗೆಯಿಂದ ಈಚೆಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಹೀಗೇ. ವಿಎಂಡಿ ಅಂತ ಒಂದು ಕಂಟ್ರೋಲರ್ ಎಸ್‌ಎಸ್‌ಡಿಗೂ ವಿಂಡೋಸ್‌ಗೂ ನಡುವೆ ಕೂತಿರುತ್ತದೆ, ಮೈಕ್ರೋಸಾಫ್ಟ್ ಇನ್‌ಸ್ಟಾಲರಿನಲ್ಲಿ ಅದರ ಡ್ರೈವರ್ ಇರುವುದಿಲ್ಲ.

ನಿಮ್ಮ ಡ್ರೈವರ್ ಫೋಲ್ಡರಿನಲ್ಲಿ ಅದು ಇದೆ. ಲೋಡ್ ಡ್ರೈವರ್ ಒತ್ತಿ, ಬ್ರೌಸ್, ಪೆನ್‌ಡ್ರೈವ್, ಅದರೊಳಗೆ ಐಎ-ಸ್ಟೋರ್-ವಿಡಿ ಅಂತ ಹೆಸರು ಶುರುವಾಗುವ ಫೋಲ್ಡರ್. ಅದನ್ನು ಆರಿಸಿದರೆ ಇಂಟೆಲ್ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ ಅಂತ ಒಂದು ಸಾಲು ಬರುತ್ತದೆ. ಅದನ್ನು ಒತ್ತಿ ಮುಂದೆ ಹೋಗಿ, ಡಿಸ್ಕ್ ಪ್ರತ್ಯಕ್ಷ ಆಗುತ್ತದೆ.

ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಡಿಸ್ಕ್ ಕಾಣುತ್ತದೆ, ಎಷ್ಟೋ ಜನ ಅದನ್ನೇ ಮಾಡುತ್ತಾರೆ. ಆದರೆ ಆಮೇಲೆ ಯಾರಾದರೂ ಬಯೋಸ್ ಡಿಫಾಲ್ಟ್‌ಗೆ ತಂದರೆ ವಿಎಂಡಿ ಮತ್ತೆ ಆನ್ ಆಗಿ ವಿಂಡೋಸ್ ಬೂಟ್ ಆಗದೆ ನಿಂತುಬಿಡಬಹುದು. ಡ್ರೈವರ್ ಕೊಟ್ಟೇ ಹಾಕಿ.

ಜಯನಗರ ಅಣ್ಣ

ಬಂತು ಬಂತು! ಎಲ್ಲ ಅಳಿಸಿದೆ, ಕಾಪಿ ಆಗುತ್ತಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಬೆಸ್ಕಾಂ ಕೃಪೆ. ಬ್ಯಾಟರಿ ಇದ್ದಿದ್ದರಿಂದ ಏನೂ ಆಗಲಿಲ್ಲ. ಈಗ ವೈಫೈ ಕೇಳುತ್ತಿದೆ, ಪಟ್ಟಿ ಖಾಲಿ. ರೌಟರೂ ಸತ್ತಿದೆ ಅನ್ನುವುದು ಬೇರೆ ಮಾತು.

ವೈಟ್‌ಫೀಲ್ಡ್ ಹೆಲ್ಪ್‌ಡೆಸ್ಕ್

ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವುದು) ಆನ್ ಮಾಡಿ. ಅದನ್ನು ವಿಂಡೋಸ್ ಸಾಮಾನ್ಯವಾಗಿ ಡ್ರೈವರ್ ಕೇಳದೆ ನೆಟ್‌ವರ್ಕ್ ಅಂತ ಗುರುತಿಸುತ್ತದೆ, ಕರೆಂಟ್ ಹೋದರೂ ಕೆಲಸ ನಡೆಯುತ್ತದೆ. ಹೋಮ್‌ನಲ್ಲಿ ಇಂಟರ್ನೆಟ್ಟೂ ಮೈಕ್ರೋಸಾಫ್ಟ್ ಖಾತೆಯೂ ಕಡ್ಡಾಯ ಮಾಡಿದ್ದಾರೆ. ತಪ್ಪಿಸುವ ಉಪಾಯಗಳನ್ನು ಅವರು ಒಂದೊಂದಾಗಿ ಮುಚ್ಚುತ್ತಾ ಬಂದಿದ್ದಾರೆ. ರೂಫಸ್ ಎಂಬ ಟೂಲ್ ಬಳಸಿ ಪೆನ್‌ಡ್ರೈವ್ ಮಾಡಿದವರು ಲೋಕಲ್ ಖಾತೆ (ಆ ಮಷೀನಿಗೆ ಮಾತ್ರ ಸೀಮಿತವಾದದ್ದು) ಇಟ್ಟುಕೊಳ್ಳುತ್ತಾರೆ, ನನಗೂ ಅದೇ ಇಷ್ಟ. ಆದರೆ ನಿಮಗೆ ಆಫೀಸ್‌ಗೆ ಹೇಗೂ ಖಾತೆ ಬೇಕು, ಅದಕ್ಕಾಗಿ ಜಗಳ ಬೇಡ. ತಂಗಿಯ ಖಾತೆ ಕೊಟ್ಟು ಮುಂದೆ ಹೋಗಿ.

ಒಂದು ವಿಷಯ ಮಾತ್ರ ಮರೆಯಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆ ಕೊಟ್ಟರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದವರಿಗೆ ಓದಲು ಬರುವುದಿಲ್ಲ. ಒಳ್ಳೆಯದೇ, ಬಿಎಂಟಿಸಿಯಲ್ಲಿ ಲ್ಯಾಪ್‌ಟಾಪ್ ಕಳೆದರೂ ಕ್ಲೈಂಟ್ ಫೈಲು ಯಾರಿಗೂ ಸಿಗುವುದಿಲ್ಲ. ಆದರೆ ಬಯೋಸ್ ಅಪ್‌ಡೇಟ್ ಆದಾಗ, ಸರ್ವಿಸ್‌ನಲ್ಲಿ ಮದರ್‌ಬೋರ್ಡ್ ಬದಲಾಯಿಸಿದಾಗ 48 ಅಂಕಿಯ ಬಿಟ್‌ಲಾಕರ್ (ಆ ಎನ್‌ಕ್ರಿಪ್ಶನ್ನಿನ ಹೆಸರು) ರಿಕವರಿ ಕೀ ಕೇಳಬಹುದು. ಅದು ಅವಳ ಖಾತೆಯಲ್ಲಿ ಉಳಿದಿರುತ್ತದೆ. ಒಮ್ಮೆ ಹೋಗಿ ನೋಡಿ, ಕಾಗದದ ಮೇಲೆ ಬರೆದು ಮನೆಯಲ್ಲಿ ಇಡಿ. ಲ್ಯಾಪ್‌ಟಾಪ್ ಚೀಲದಲ್ಲಿ ಅಲ್ಲ!

ಜಯನಗರ ಅಣ್ಣ

ಟೆದರಿಂಗ್ ಕೆಲಸ ಮಾಡಿತು. ಆಕ್ಟಿವೇಶನ್ ಕೇಳಲೇ ಇಲ್ಲ, ಡಿಜಿಟಲ್ ಲೈಸೆನ್ಸ್ ಅಂತ ತೋರಿಸುತ್ತಿದೆ. ಅಪ್‌ಡೇಟ್ ಓಡಿಸಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಎರಡು ಹಳದಿ ಗುರುತು ಉಳಿದಿದ್ದವು, ಪೆನ್‌ಡ್ರೈವ್ ಫೋಲ್ಡರ್ ತೋರಿಸಿದ ಕೂಡಲೇ ಅವೂ ಹೋದವು. ಆಂಟಿವೈರಸ್ ಇಲ್ಲ, ವಿಪಿಎನ್ ಇಲ್ಲ. ಆದರೆ ಸ್ಟಾರ್ಟ್ ಮೆನುವಿನಲ್ಲಿ ಲಿಂಕ್ಡ್‌ಇನ್, ಸ್ಪಾಟಿಫೈ ಇವೆಲ್ಲ ಯಾಕೆ ಕೂತಿವೆ? ನಾನು ಹಾಕಿಲ್ಲ.

ಬೂಟ್ ಬಸವ

ಅದು ಮೈಕ್ರೋಸಾಫ್ಟ್ ಪ್ರಸಾದ. ಲ್ಯಾಪ್‌ಟಾಪ್ ಕಂಪನಿಗೆ ಸಂಬಂಧವಿಲ್ಲ. ಅದರಲ್ಲಿ ಕೆಲವು ಬರೀ ಐಕಾನ್, ಒತ್ತಿದರೆ ಮಾತ್ರ ಇಳಿಯುತ್ತವೆ. ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ. ಇನ್‌ಸ್ಟಾಲ್ ಶುರುವಿನಲ್ಲಿ ಸಮಯ ಮತ್ತು ಕರೆನ್ಸಿ ಕೇಳುವಲ್ಲಿ ಇಂಗ್ಲಿಷ್ ವರ್ಲ್ಡ್ ಅಂತ ಆರಿಸಿದರೆ ಇವು ಬರುವುದಿಲ್ಲ ಅನ್ನುವ ಒಂದು ಉಪಾಯ ಓಡಾಡುತ್ತದೆ. ಆದರೆ ನಡುವೆ ಒಂದು ಎರರ್ ಪರದೆ ಬಂದು ಸ್ಕಿಪ್ ಒತ್ತಬೇಕಾಗುತ್ತದೆ, ಆಮೇಲೆ ರೀಜನ್ ಮತ್ತೆ ಇಂಡಿಯಾಗೆ ತರಬೇಕು. ಈಗ ಅದಕ್ಕಾಗಿ ಮತ್ತೆ ಹಾಕುವುದೇನೂ ಬೇಡ. ಬೇಡದ ಆಪ್‌ಗಳನ್ನು ಕೀಳುವ ಡಿಬ್ಲೋಟ್ ಸ್ಕ್ರಿಪ್ಟ್ ಅಂತ ಯೂಟ್ಯೂಬಿನಲ್ಲಿ ಸಿಗುವುದನ್ನು ಮಾತ್ರ ಕಣ್ಣು ಮುಚ್ಚಿ ಓಡಿಸಬೇಡಿ. ಕೆಲವು ಸ್ಟೋರನ್ನೇ ಕಿತ್ತುಹಾಕುತ್ತವೆ.

ಜಯನಗರ ಅಣ್ಣ

ಸರಿ, ಕೊನೆಯದೊಂದು. ತಂಗಿಯ ಹಳೇ ವರ್ಡ್ ಫೈಲಿನಲ್ಲಿ ಕನ್ನಡ ಬೇರೆ ಥರ ಕಾಣುತ್ತಿದೆ, ಅಕ್ಷರ ತೆಳ್ಳಗೆ, ಸಾಲು ಮೇಲೆ ಕೆಳಗೆ. ಹಳೇ ಕಂಪ್ಯೂಟರಿನಲ್ಲಿ ಸರಿ ಇತ್ತು. ಇನ್ನು ಕೆಲವು ಫೈಲು ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಗೊಜ್ಜು.

ಅಕ್ಷರ ಅಕ್ಕ

ಚಾಮರಾಜಪೇಟೆಯಲ್ಲಿ ಡಿಟಿಪಿ ಮಾಡುತ್ತೇನೆ, ನನಗೆ ಇದು ದಿನದ ಗೋಳು. ಮೊದಲ ಫೈಲು ತುಂಗಾ ಫಾಂಟಿನಲ್ಲಿ ಮಾಡಿರಬೇಕು. ಎಕ್ಸ್‌ಪಿ ಕಾಲದಲ್ಲಿ ವಿಂಡೋಸ್‌ನ ಕನ್ನಡ ಫಾಂಟ್ ಅಂದರೆ ಅದೇ. ಈಗ ನಿರ್ಮಲಾ ಯುಐ ಬರುತ್ತದೆ, ತುಂಗಾ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಹುಡುಕಿ ಸೇರಿಸಿ. ಸಣ್ಣ ಡೌನ್‌ಲೋಡ್. ವರ್ಡ್ ಮುಚ್ಚಿ ತೆರೆದರೆ ಸಾಲುಗಳು ತಮ್ಮ ಜಾಗಕ್ಕೆ ಬರುತ್ತವೆ.

ಟೈಪ್ ಮಾಡಲು ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಭಾಷೆಗಳಲ್ಲಿ ಕನ್ನಡ ಸೇರಿಸಿ ಅದರ ಕೀಬೋರ್ಡ್‌ಗಳಲ್ಲಿ ಕನ್ನಡ ಫೊನೆಟಿಕ್ ಆರಿಸಿ, 2019ರ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಇದೆ. ನುಡಿ ಕೀಲಿಮಣೆಯೇ ಕೈಗೆ ಕೂತಿದ್ದರೆ ನುಡಿಯನ್ನೇ ಹಾಕಿಕೊಳ್ಳಲಿ.

ಗೊಜ್ಜಾಗಿರುವ ಫೈಲುಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಹಳೇ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರಿಸಿದ ಫಾಂಟಿನಲ್ಲಿ ಮಾಡಿದವು. ವರ್ಡ್‌ನಲ್ಲಿ ಆ ಅಕ್ಷರಗಳ ಮೇಲೆ ಕರ್ಸರ್ ಇಟ್ಟರೆ ಫಾಂಟಿನ ಹೆಸರು ಮೇಲೆ ಕಾಣುತ್ತದೆ, ನುಡಿಯದಾದರೆ ನುಡಿ ಅಂತಲೇ ಶುರುವಾಗುತ್ತದೆ. ಆ ಫಾಂಟ್ ಹಾಕಿದರೆ ಓದಲು ಬರುತ್ತದೆ. ಆದರೆ ಆ ಪತ್ರಗಳನ್ನು ಮತ್ತೆ ತಿದ್ದಿ ಮೇಲ್‌ನಲ್ಲಿ ಕಳಿಸುವುದಿದ್ದರೆ ಕನ್ವರ್ಟರ್ ಬಳಸಿ ಯುನಿಕೋಡ್ ಮಾಡಿಬಿಡಿ, ಇಲ್ಲದಿದ್ದರೆ ತೆರೆದವರಿಗೂ ಗೊಜ್ಜೇ ಕಾಣುತ್ತದೆ. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಒತ್ತಕ್ಷರ ಬಂದ ಕಡೆಗಳನ್ನು ಒಂದು ಸಲ ಓದಿ ನೋಡಿ, ತಪ್ಪು ಉಳಿಯುವುದು ಅಲ್ಲೇ ಜಾಸ್ತಿ.